ಗಂಡಸರ ರೋಗ

ಹೊಟ್ಟೆಯ ಕ್ಯಾನ್ಸರ್ ನಮ್ಮ ಮನೆಯಲ್ಲಿ ಗಂಡಸರಿಗೆ ಮಾತ್ರ ಬರುವ ರೋಗ ಅಂತ ಅಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು. ತಾತ ಹೋದದ್ದು ಅದರಲ್ಲೇ, ಅಪ್ಪ ಹೋದದ್ದೂ ಅದರಲ್ಲೇ. ಉಳಿದ ಗಂಡಸು ಅಂದರೆ ನನ್ನ ತಮ್ಮ. ಸೂರತ್‌ನ ಅಡಾಜಣ್‌ನಲ್ಲಿ ಅವನು ತೇಗಿದರೆ ಸಾಕು, ವಡೋದರಾದ ನಮ್ಮ ಮನೆಯಲ್ಲಿ ಅಮ್ಮ ತುಪ್ಪದ ದೀಪ ಹಚ್ಚುತ್ತಿದ್ದಳು.

ನನಗೇನು ಕಡಿಮೆ ಭಯವೇ? ಹೊಟ್ಟೆ ಉರಿ ಅಂತ ಅವನು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಮಾತು ಸಾಕು, ಮೊದಲು ರೈಲು ಹತ್ತು" ಅಂತ ಗದರಿದೆ.

ಆ ವರ್ಷ ನಾನು ಸೋಮವಾರದ ಒಪ್ಪತ್ತು ಹಿಡಿದಿದ್ದೆ. ಎರಡು ತುತ್ತಿಗೇ ಹೊಟ್ಟೆ ಬಿಗಿದುಕೊಳ್ಳುತ್ತಿತ್ತು. ಹೇಗೂ ಸೇರುವುದಿಲ್ಲ, ದೇವರ ಹೆಸರಲ್ಲಾದರೂ ಬಿಡೋಣ ಅಂತ ಗುರುವಾರ, ಶನಿವಾರವನ್ನೂ ಸೇರಿಸಿಕೊಂಡೆ. ಮಾಂಜಲ್‌ಪುರದ ಅಕ್ಕಪಕ್ಕದ ಹೆಂಗಸರು ಸಬ್ಬಕ್ಕಿ ಖಿಚಡಿ ತಂದುಕೊಟ್ಟು ಹೊಗಳುತ್ತಿದ್ದರು. ಕುಪ್ಪಸ ಸಡಿಲವಾದದ್ದಕ್ಕೂ ಹೊಗಳಿಕೆಯೇ ಸಿಕ್ಕಿತು.

ಅಲ್ಕಾಪುರಿಯ ಡಾಕ್ಟರು ತಮ್ಮನ ಗಂಟಲಿಗೆ ನಳಿಕೆ ಇಳಿಸಿ ನೋಡಿದರು. ಹೊರಗೆ ಕೂತ ನಾನು ಸೆರಗು ಕಚ್ಚಿ ಕಚ್ಚಿ ಒದ್ದೆ ಮಾಡಿಕೊಂಡೆ. ಕೊನೆಗೆ ಅಮ್ಮನನ್ನೂ ನನ್ನನ್ನೂ ಒಳಗೆ ಕರೆದು "ಏನೂ ಇಲ್ಲ, ಬರೀ ಆಸಿಡಿಟಿ" ಅಂದರು. ಅಬ್ಬಾ! ಅಮ್ಮ ಅಲ್ಲೇ ಕೈಮುಗಿದು ಅತ್ತಳು.

ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಮನೆಯ ಹೆಂಗಸರಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿತ್ತೇ ಅಂತ ಕೇಳಿದರು. ಅಮ್ಮನಿಗೆ ಹಿಂದಿ ಬಾರದು, ನಡುವೆ ನಾನೇ ದುಭಾಷಿ.

"ಅಯ್ಯೋ, ಹೆಂಗಸರಿಗೆ ಎಲ್ಲಿಂದ ಬರುತ್ತೆ? ಅದು ಗಂಡಸರದ್ದು ಅಂತ ಹೇಳೇ."

ಗಂಡಸರಿಗೆ ಹೆಚ್ಚು ಬರುವುದು ನಿಜ ಅಂದರು ಅವರು. ಯಾಕೆ ಅಂತ ಪೂರ್ತಿ ಗೊತ್ತಿಲ್ಲ, ಹೆಂಗಸರ ಮೈಯಲ್ಲೇ ಏನೋ ತಡೆ ಇದ್ದರೂ ಇರಬಹುದು. ಆದರೆ ವಂಶದಲ್ಲೇ ದೋಷವಿದ್ದರೆ ಅದು ತಂದೆಯಿಂದ ಮಗನಿಗೆ ಇಳಿದ ಹಾಗೆ ಮಗಳಿಗೂ ಇಳಿಯಬಹುದು. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ.

"ತಂದೆಯ ಅಕ್ಕತಂಗಿಯರು?" ಅಂತ ಮತ್ತೆ ಕೇಳಿದರು.

ಅಮ್ಮನ ಮುಖ ಅರಳಿತು. "ನಿನ್ನ ಸೋದರತ್ತೆ ಪುಣ್ಯವಂತೆ ಕಣೇ. ವ್ರತ ಮಾಡಿ ಮಾಡಿಯೇ ಹೋದಳು. ಮೊದಲು ಶುಕ್ರವಾರ ಊಟ ಬಿಟ್ಟಳು, ಆಮೇಲೆ ಒಂದೊಂದೇ ದಿನ ಸೇರಿಸಿಕೊಂಡಳು. ಕೊನೆಗೆ ನೀರೂ ಮುಟ್ಟಲಿಲ್ಲ."

ಹಿಂದಿಯಲ್ಲಿ ಹೇಳುತ್ತಾ ಹೋದೆ. ಅರ್ಧಕ್ಕೇ ನನ್ನ ಸೋಮವಾರ, ಗುರುವಾರ, ಶನಿವಾರ ನೆನಪಾದವು. ಡಾಕ್ಟರ ಪೆನ್ನು ನಿಂತಿತ್ತು. ತಮ್ಮ ನನ್ನ ಕುಪ್ಪಸದ ಜೋಲು ತೋಳನ್ನೇ ನೋಡುತ್ತಿದ್ದ.

ಅಮ್ಮ ನನ್ನ ಬೆನ್ನು ಸವರಿದಳು. "ಇವಳೂ ಥೇಟ್ ಅವಳ ಹಾಗೇ ಅಂತ ಹೇಳೇ ಅವರಿಗೆ."

ಅದನ್ನೂ ನಾನೇ ಹೇಳಬೇಕಾಯಿತು.