ಹಲ್ಲಕ್ಕನ ಹನ್ನೆರಡು ಮೀಟರ್

ನಾನು ಕೃತಕ ಹಲ್ಲು ತಯಾರಿಸುವ ಲ್ಯಾಬಿಗೆ ಸೇರಿದ ಹೊಸತು. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹಿರಿಯ ಹೆಂಗಸಿನ ತೋಳು ಒಂದು ಸೋಮವಾರ ನೀಲಿಗಟ್ಟಿತ್ತು. ಮುಂದಿನ ಸೋಮವಾರ ಪಕ್ಕೆ ಒತ್ತಿಹಿಡಿದು ಕೂತರು. ಅದರ ಮುಂದಿನ ಸೋಮವಾರ ತುಟಿ ಒಡೆದಿತ್ತು. ಭಾನುವಾರ ಮನೆಯಲ್ಲಿ ಯಾರೋ ಕುಡಿದು ಬಡಿಯುತ್ತಾರೆ ಎಂದು ನಾನು ಪತ್ತೇದಾರನಂತೆ ತೀರ್ಮಾನಿಸಿದೆ. ಹೆಂಗಸರ ಸಹಾಯವಾಣಿಯ ನಂಬರನ್ನು ಚೀಟಿಯಲ್ಲಿ ಬರೆದು, ಟೀ ಹೊತ್ತಿನಲ್ಲಿ ಅವರ ಮುಂದಿಟ್ಟು, ದನಿ ತಗ್ಗಿಸಿ ಹೇಳಿದೆ.

"ಅಕ್ಕ, ಹೆದರ್ಕೋಬೇಡಿ. ನಿಮ್ಮ ಯಜಮಾನ್ರ ಮೇಲೆ ಕಂಪ್ಲೇಂಟ್ ಕೊಡೋಕೆ ನಾನೇ ಜೊತೆಗೆ ಬರ್ತೀನಿ."

ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಓದಿದರು.

"ಹೊಡೆಯೋಕಾದ್ರೂ ಒಬ್ಬ ಗಂಡ ಬೇಕಲ್ಲಪ್ಪ. ಎಲ್ಲಿಂದ ತರ್ಲಿ?"

ಅವರಿಗೆ ಮದುವೆಯೇ ಆಗಿರಲಿಲ್ಲ. ಇಡೀ ಲ್ಯಾಬು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಮಾತ್ರ ಪ್ಲಾಸ್ಟರ್ ಡಬ್ಬದೊಳಗೆ ಇಳಿದುಬಿಡಲೇ ಎಂದು ಯೋಚಿಸುತ್ತಿದ್ದೆ. ಕೊನೆಗೆ ಅವರಿಗೇ ಪಾಪ ಎನಿಸಿರಬೇಕು.

"ನೀರು ಹೊಡೆದಿದ್ದು ಕಣೋ ಇದು. ಭಾನುವಾರ ಬೆಳಿಗ್ಗೆ ಬಾ, ತೋರಿಸ್ತೀನಿ."

ಹಿಂದಿನಿಂದ ಎಲ್ಲರೂ ಅವರನ್ನು ಹಲ್ಲಕ್ಕ ಎನ್ನುತ್ತಿದ್ದರು, ಎದುರಿಗೆ ಬರೀ ಅಕ್ಕ. ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಧ ಬಾಯಿಗಳಿಗೆ ಹಲ್ಲು ಜೋಡಿಸಿದವರು. ನನ್ನ ಕೆಲಸ ಅವರಿಗೆ ಪ್ಲಾಸ್ಟರ್ ಅಚ್ಚು ಹಾಕಿಕೊಡುವುದು. ಅಚ್ಚಿನಲ್ಲಿ ಕೂದಲೆಳೆಯಷ್ಟು ಗುಳ್ಳೆ ಕಂಡರೂ ಸಾಕು, ಸುತ್ತಿಗೆ ತೆಗೆದು ನನ್ನ ಎದುರೇ ಪುಡಿ ಮಾಡುತ್ತಿದ್ದರು. ಮೊದಲ ತಿಂಗಳು ನಾನು ಮಾಡಿದ್ದಕ್ಕಿಂತ ಅವರು ಒಡೆದದ್ದೇ ಜಾಸ್ತಿ.

ಭಾನುವಾರ ಹೋದೆ. ಊರಾಚೆ ಕಲ್ಲು ತೆಗೆದು ಬಿಟ್ಟ ಉದ್ದನೆಯ ಹಳ್ಳದಲ್ಲಿ ನೀರು ನಿಂತು ಕೆರೆಯಾಗಿತ್ತು. ದಡದಲ್ಲಿ ತಗಡಿನ ಶೆಡ್ಡು, ಒಂದು ಹಳೆಯ ಮೋಟಾರ್ ದೋಣಿ, ಹತ್ತು ಹನ್ನೆರಡು ಜನರ ವಾಟರ್ ಸ್ಕೀ ಕ್ಲಬ್ಬು. ದೋಣಿ ಓಡಿಸುವವರು ನಿವೃತ್ತ ಬಸ್ ಡ್ರೈವರ್. ಎಲ್ಲರಿಗೂ ಡ್ರೈವರ್ ಮಾವ.

ಆಟ ಸರಳ, ನೋಡುವವರಿಗೆ. ಕೆರೆಯ ನಡುವೆ ದೋಣಿ ನೆಟ್ಟಗೆ ಹೋಗುತ್ತದೆ. ಅದರ ದಾರಿಯ ಎಡಕ್ಕೆ ಮೂರು, ಬಲಕ್ಕೆ ಮೂರು ಕೆಂಪು ಚೆಂಡು ತೇಲುತ್ತಿರುತ್ತವೆ. ದೋಣಿಯ ಹಿಂದೆ ಹಗ್ಗ ಹಿಡಿದು, ಒಂದೇ ಹಲಗೆಯ ಮೇಲೆ ಎರಡೂ ಪಾದ ಒಂದರ ಹಿಂದೊಂದು ಇಟ್ಟು ನಿಂತವರು, ಆರೂ ಚೆಂಡನ್ನು ಹೊರಗಡೆಯಿಂದ ಸುತ್ತಿ ಬರಬೇಕು. ಹದಿನೇಳು ಸೆಕೆಂಡಿನ ಕೆಲಸ. ಆರೂ ಸುತ್ತಿದರೆ ಬಹುಮಾನವಾಗಿ ಹಗ್ಗವನ್ನು ಗಿಡ್ಡ ಮಾಡುತ್ತಾರೆ. ಅದರಲ್ಲೂ ಗೆದ್ದರೆ ಇನ್ನೂ ಗಿಡ್ಡ. ಚೆನ್ನಾಗಿ ದುಡಿದವನ ತಲೆಗೇ ಇನ್ನಷ್ಟು ಕೆಲಸ ಕಟ್ಟುವ ನಮ್ಮ ಲ್ಯಾಬಿನ ಯಜಮಾನರು ಈ ಆಟ ಕಂಡುಹಿಡಿದಿರಬೇಕು ಎಂದುಕೊಂಡೆ.

ನಾನೂ ಒಮ್ಮೆ ಹಲಗೆ ಕಟ್ಟಿಕೊಂಡೆ. ದೋಣಿ ಹೊರಟಿತು, ನಾನು ಹೊರಡಲಿಲ್ಲ. ಹೊರಟದ್ದು ನನ್ನ ಚಡ್ಡಿ ಮಾತ್ರ. ಅರ್ಧ ಕೆರೆ ಕುಡಿದು ಮೇಲೆ ಬಂದಾಗ ಡ್ರೈವರ್ ಮಾವ ತೀರ್ಪು ಕೊಟ್ಟರು: "ನೀನು ಕೂತ್ಕೊಳ್ಳೋದ್ರಲ್ಲಿ ಹುಷಾರು. ದೋಣಿಲೇ ಕೂತ್ಕೋ."

ಹೀಗೆ ನನಗೆ ದೋಣಿಯಲ್ಲಿ ಹಿಂದೆ ತಿರುಗಿ ಕೂರುವ ಹುದ್ದೆ ಸಿಕ್ಕಿತು. ಮಾವನ ಕಣ್ಣು ಸದಾ ಮುಂದೆ. ಹಿಂದೆ ಆಗುವುದೆಲ್ಲ ನನ್ನ ಜವಾಬ್ದಾರಿ. ಯಾರಾದರೂ ಬಿದ್ದರೆ ಬಾವುಟ ಎತ್ತಬೇಕು, ಚೆಂಡು ಎಣಿಸಬೇಕು, ಹಗ್ಗ ಗಿಡ್ಡ ಮಾಡಬೇಕು. ಹಗ್ಗದ ದೋಣಿ ಕಡೆಯ ತುದಿಯಲ್ಲಿ ಬಣ್ಣಬಣ್ಣದ ಕುಣಿಕೆಗಳಿರುತ್ತವೆ. ಒಂದನ್ನು ದೋಣಿಯ ಕಂಬದಿಂದ ಬಿಚ್ಚಿ ಮುಂದಿನದನ್ನು ಸಿಕ್ಕಿಸಿದರೆ ಅಷ್ಟು ಗಿಡ್ಡವಾಯಿತು. ಗಿಡ್ಡ ಮಾಡಿದಾಗಲೆಲ್ಲ ಒಂದು ತುಂಡು ಮಿಕ್ಕಿ ಕಾಲ ಬುಡದಲ್ಲಿ ಬೀಳುತ್ತದೆ. ಮೂರು ಸಲ ಗಿಡ್ಡ ಮಾಡಿದರೆ ಹಸಿರು ಕುಣಿಕೆ, ಹದಿಮೂರು ಮೀಟರ್; ನಾಲ್ಕನೆಯ ಸಲ ನೀಲಿ, ಹನ್ನೆರಡು. ನಮ್ಮ ಹಗ್ಗದಲ್ಲಿ ಬಿಸಿಲಿಗೆ ಬಿದ್ದು ಬಿದ್ದು ಹಸಿರೂ ನೀಲಿಯೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು.

ಹಲ್ಲಕ್ಕನಿಗೆ ಬೇಕಾಗಿದ್ದದ್ದು ಒಂದೇ: ಹನ್ನೆರಡು ಮೀಟರಿನಲ್ಲಿ ಆರೂ ಚೆಂಡು. ಅದನ್ನು ಮಾಡಿದವರ ಹೆಸರನ್ನು ಶೆಡ್ಡಿನೊಳಗಿನ ಹಲಗೆಯ ಮೇಲೆ ಪೇಂಟಿನಲ್ಲಿ ಬರೆಯುತ್ತಿದ್ದರು. ಏಳು ಹೆಸರಿದ್ದವು, ಏಳೂ ಗಂಡಸರವು. ಹನ್ನೊಂದು ವರ್ಷದಿಂದ ಹಲ್ಲಕ್ಕ ಆ ಹಲಗೆಯ ಕೆಳಗೇ ಕೂತು ಬೂಟು ಬಿಗಿಯುತ್ತಿದ್ದರು. ಐದು ಚೆಂಡಿನ ಆಚೆ ಹೋಗಿರಲಿಲ್ಲ. ಚೆಂಡು ದೋಣಿಯ ದಾರಿಯಿಂದ ಹನ್ನೊಂದೂವರೆ ಮೀಟರ್ ದೂರ; ಹಗ್ಗ ಹನ್ನೆರಡಕ್ಕೆ ಇಳಿದರೆ ಚೆಂಡು ಸುತ್ತಲು ಹೆಚ್ಚುಕಮ್ಮಿ ದೋಣಿಯ ಪಕ್ಕಕ್ಕೇ ಚಿಮ್ಮಬೇಕು, ಉಳಿದದ್ದನ್ನು ಮೈ ಚಾಚಿ ತುಂಬಿಸಬೇಕು.

"ಕೈಯಿಂದ ಎಳೆಯೋದಲ್ಲ ಕಣೋ," ಎಂದು ಪ್ಲಾಸ್ಟರ್ ಧೂಳಿನ ನಡುವೆ ನಿಂತು ತೋರಿಸುತ್ತಿದ್ದರು. "ಮೊಣಕೈ ಮೈಗೆ ಅಂಟಿಸ್ಬೇಕು, ಸೊಂಟ ಮುಂದೆ ಕೊಡ್ಬೇಕು, ದೋಣಿಯಿಂದ ಆಚೆ ಕಡೆಗೆ ಬೀಳ್ತಾ ಇರ್ಬೇಕು. ದೋಣಿ ಎಬ್ಬಿಸಿದ ಅಲೆ ದಾಟಿದ ಮೇಲೆ ಒಂದು ಕೈ ಬಿಡು. ಹಗ್ಗ ಸಡಿಲ ಆಯ್ತೋ, ಕೆಟ್ಟೆ. ಮತ್ತೆ ಬಿಗಿಯಾಗೋವಾಗ ಭುಜಾನೇ ಕಿತ್ಕೊಂಡು ಹೋಗತ್ತೆ."

ತಾವು ನಿಲ್ಲುವ ಹಲಗೆಯ ಅಡಿಯ, ಮೀನಿನ ರೆಕ್ಕೆಯಂಥ ಫಿನ್ನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಲು ಲ್ಯಾಬಿನ ಕ್ಯಾಲಿಪರನ್ನೇ ಕದ್ದು ಒಯ್ಯುತ್ತಿದ್ದರು. ಸೋಮವಾರ ಅದೇ ಕ್ಯಾಲಿಪರಿನಿಂದ ಯಾರದೋ ದವಡೆ ಹಲ್ಲಿನ ಕ್ಯಾಪ್ ಅಳೆಯುತ್ತಿದ್ದರು. ಒಮ್ಮೆ ನಾನು ಉದಾರನಾಗಿ ಐದು ಎಂದು ಕೂಗಿದಾಗ ನೀರಿನಲ್ಲಿ ತೇಲುತ್ತಲೇ ಬೈದರು: "ಐದನೇದರ ಹೊತ್ತಿಗೆ ಬಿದ್ದಾಗಿತ್ತು. ಕಣ್ಣು ಬಾಡಿಗೆಗೆ ತಂದಿದೀಯಾ? ನಾಲ್ಕೂವರೆ ಅಂತ ಬರಿ."

ಹೋದ ವರ್ಷ ಬಲ ಭುಜ ಕೈಕೊಟ್ಟಿತು. ಜೊತೆಯಲ್ಲಿರುವ ಅವರ ಅಕ್ಕ ಬಲವಂತ ಮಾಡಿ ಮೂಳೆ ಡಾಕ್ಟರ ಬಳಿ ಕರೆದೊಯ್ದರು. ಒಳಗೆ ಹರಿದಿದೆ, ಆಪರೇಷನ್ ಆಗಲೇಬೇಕು, ಆಮೇಲೆ ಹಗ್ಗ ಹಿಡಿಯುವ ಮಾತೇ ಇಲ್ಲ ಎಂದರು ಡಾಕ್ಟರ್.

"ನಲವತ್ತಾರು ವರ್ಷದ ಹೆಂಗಸು ದೋಣಿ ಹಿಂದೆ ನೇತಾಡೋದು ನೋಡಿ ನಾನು ಸಾಯೋದೊಂದು ಬಾಕಿ," ಎಂದು ಅವರ ಅಕ್ಕ ಫೋನಿನಲ್ಲಿ ನನ್ನ ಮೇಲೆ ಹರಿಹಾಯ್ದರು. "ನೀನಾದ್ರೂ ಹೇಳಬಾರದೇನೋ? ದೋಣಿಲಿ ಕೂತು ಏನ್ ಕಡ್ಲೆಕಾಯಿ ತಿಂತೀಯಾ?"

ಹೇಳಿದೆ. ಹಲ್ಲಕ್ಕ ಮೇಣ ಕೆತ್ತುತ್ತಿದ್ದರು, ತಲೆ ಎತ್ತಲಿಲ್ಲ. "ಬರೋ ಭಾನುವಾರ ಒಂದು. ಅದೇ ಕೊನೆ. ಮಂಗಳವಾರ ಆಪರೇಷನ್ ಬರೆಸಿದೀನಿ."

ಆ ಭಾನುವಾರ ಮೋಡ ಕವಿದಿತ್ತು. ನೀರು ಮಾತ್ರ ಎಣ್ಣೆ ಸುರಿದ ಹಾಗೆ ನಿಂತಿತ್ತು. ಹಲ್ಲಕ್ಕ ಭುಜಕ್ಕೆ ಪಟ್ಟಿ ಸುತ್ತಿ, ನೋವಿನ ಮಾತ್ರೆ ಎರಡು ನುಂಗಿ ಇಳಿದರು. ಹದಿನಾಲ್ಕು ಮೀಟರಿನಲ್ಲಿ ಆರು. ಹಸಿರಿನಲ್ಲಿ, ಅಂದರೆ ಹದಿಮೂರರಲ್ಲಿ, ಹಲ್ಲು ಕಚ್ಚಿ ಆರು. ಕೆರೆಯ ಕೊನೆಯಲ್ಲಿ ದೋಣಿ ತಿರುಗಿತು. ನಾನು ಹಸಿರು ಕುಣಿಕೆ ಬಿಚ್ಚಿದೆ. ಅಷ್ಟರಲ್ಲಿ ಡ್ರೈವರ್ ಮಾವ, "ಬೇಗ ಬೇಗ, ಗಾಳಿ ಏಳ್ತಾ ಇದೆ," ಎಂದು ಅವಸರ ಮಾಡಿದರು. ದೋಣಿ ವಾಲಿತು, ಕುಣಿಕೆಗಳೆಲ್ಲ ಮಡಿಲಿಗೆ ಬಿದ್ದವು. ಕೈಗೆ ಸಿಕ್ಕ ಬೂದಿ ಬಣ್ಣದ ಕುಣಿಕೆಯನ್ನು ಕಂಬಕ್ಕೆ ಸಿಕ್ಕಿಸಿ ಹೆಬ್ಬೆರಳು ಎತ್ತಿ ತೋರಿಸಿದೆ.

ಒಂದು, ಎರಡು, ಮೂರು. ಪ್ರತಿ ಚೆಂಡಿನ ಹಿಂದೆಯೂ ನೀರಿನ ಗೋಡೆ ಎದ್ದು ಬೀಳುತ್ತಿತ್ತು. ನಾಲ್ಕು. ಐದರಲ್ಲಿ ಹಗ್ಗ ಸಡಿಲವಾಗಿ ಮತ್ತೆ ಬಿಗಿದು ಎಳೆದಾಗ ಅವರ ಬಾಯಿ ತೆರೆದುಕೊಂಡದ್ದು ಕಂಡಿತು. ಎಂಜಿನ್ ಸದ್ದಿನಲ್ಲಿ ಕೂಗು ಕೇಳಲಿಲ್ಲ. ಆರು. ಚೆಂಡುಗಳ ಸಾಲು ದಾಟಿ ಹಗ್ಗ ಕೈಬಿಟ್ಟು ಮೆಲ್ಲಗೆ ಮುಳುಗಿದರು.

ನಾನು ಹುಚ್ಚನ ಹಾಗೆ ಕಿರುಚಿದೆ. ಮಾವ ಹಾರ್ನ್ ಒತ್ತಿದ್ದೇ ಒತ್ತಿದ್ದು. ಕುಣಿಯಲು ಹೋಗಿ ಕಾಲ ಬುಡದಲ್ಲಿದ್ದ ಹಗ್ಗದ ತುಂಡುಗಳಿಗೆ ಎಡವಿದೆ. ನೀಲಿಗೆ ಬಂದಿದ್ದರೆ ಅಲ್ಲಿ ನಾಲ್ಕು ತುಂಡು ಇರಬೇಕಿತ್ತು. ಮೂರು ಇದ್ದವು. ಬಿಚ್ಚಿದ ಹಸಿರನ್ನೇ ಮತ್ತೆ ಸಿಕ್ಕಿಸಿದ್ದೆ. ಹಲ್ಲಕ್ಕ ಹದಿಮೂರು ಮೀಟರನ್ನೇ ಎರಡು ಸಲ ಸುತ್ತಿ ಬಂದಿದ್ದರು.

ಬಾಯಿ ತೆರೆದೆ. ಅಷ್ಟರಲ್ಲಿ ಅವರು ದೋಣಿಯ ಹಿಂದಿನ ಮೆಟ್ಟಿಲು ಹತ್ತಿ, ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತರು. ಮುಖ ಸುಣ್ಣದ ಹಾಗಾಗಿತ್ತು.

"ಟವೆಲ್ ಕೊಡು," ಎಂದರು.

ಟವೆಲ್ ಕೊಟ್ಟೆ. ಅವರು ಮುಖ ಒರೆಸಿಕೊಳ್ಳುವಾಗ ಹಸಿರು ಕುಣಿಕೆಯನ್ನು ಕಂಬದಿಂದ ಮೆಲ್ಲಗೆ ಬಿಚ್ಚಿ, ನೀಲಿ ಸಿಕ್ಕಿಸಿದೆ. ಈಗ ತುಂಡು ನಾಲ್ಕಾದವು. ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

"ಇನ್ನೊಂದು ಗಿಡ್ಡ ಮಾಡೋಣ್ವಾ?" ಎಂದರು ಮಾವ ಖುಷಿಯಲ್ಲಿ.

"ಸಾಕು," ಎಂದರು ಹಲ್ಲಕ್ಕ.

ಮಂಗಳವಾರ ಆಪರೇಷನ್ ಆಯಿತು. ಎಂಟನೆಯ ಹೆಸರನ್ನು ಬರೆಯಲು ಮಾವ ಪೇಂಟು ಕೊಂಡು ತಂದರು. ಅಕ್ಷರ ದುಂಡಗಿದೆ ಎಂದು ಬ್ರಷ್ಷು ನನ್ನ ಕೈಗೇ ಬಂತು. ಬರೆದೆ.

ಐದು ತಿಂಗಳ ಮೇಲೆ ಹಲ್ಲಕ್ಕ ಲ್ಯಾಬಿಗೆ ವಾಪಸು ಬಂದರು. ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಸಣ್ಣ ಕೆತ್ತನೆಗೆ ಬೆರಳು ನಡುಗುತ್ತಿತ್ತು. ಯಜಮಾನರು ಕಿಟಕಿ ಪಕ್ಕದ ಅವರ ಮೇಜನ್ನು ನನಗೆ ಕೊಟ್ಟು, ಅವರನ್ನು ಬಾಗಿಲ ಬಳಿ ಕೂರಿಸಿ, ಮಾಡಿದ್ದನ್ನು ನೋಡಿ ಪಾಸು ಮಾಡುವ ಕೆಲಸ ಕೊಟ್ಟರು. ಸಲಹೆ ಕೊಡುವವರ ಕುರ್ಚಿ ಅದು. ಯಾರೂ ಸಲಹೆ ಕೇಳುವುದಿಲ್ಲ. ಭಾನುವಾರ ಏನು ಮಾಡ್ತೀರಿ ಎಂದರೆ, "ಬಟ್ಟೆ ಮಡಚ್ತೀನಿ," ಎನ್ನುತ್ತಿದ್ದರು. ಕೆರೆಯ ಕಡೆ ತಲೆ ಹಾಕಲಿಲ್ಲ, ತಮ್ಮ ಹೆಸರು ನೋಡಲೂ ಹೋಗಲಿಲ್ಲ.

ಮೊನ್ನೆ ನಾನು ಮಾಡಿದ ಒಂದು ಸೆಟ್ಟಿನಲ್ಲಿ ಹಿಂದಿನ ಹಲ್ಲು ತುಸು ವಾಲಿತ್ತು. ನನಗೇ ಕಾಣುತ್ತಿತ್ತು. ಸುತ್ತಿಗೆ ಬೀಳಲಿ ಎಂದು ಅವರ ಮುಂದಿಟ್ಟು ಕಾದೆ. ಅವರು ಎತ್ತಿ ಬೆಳಕಿಗೆ ಹಿಡಿದರು, ಬಹಳ ಹೊತ್ತು ನೋಡಿದರು.

"ನಡೆಯುತ್ತೆ, ಕಳಿಸು," ಎಂದು ಪೆಟ್ಟಿಗೆಗೆ ಹಾಕಿದರು.

ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನನ್ನ ತಪ್ಪೇ ಈ ಹೆಂಗಸನ್ನು ಹೀಗೆ ಮಾಡಿತೋ, ಬರೀ ಭುಜದ ನೋವೋ ತಿಳಿಯಲಿಲ್ಲ. ಉಳಿದವರು ಟೀಗೆ ಹೊರಗೆ ಹೋಗಿದ್ದರು. ಪೆಟ್ಟಿಗೆಯಿಂದ ಸೆಟ್ಟನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಏಳು ತಿಂಗಳಿಂದ ನುಂಗಿಕೊಂಡಿದ್ದನ್ನು ಉಗುಳಿದೆ.

"ಅಕ್ಕ, ಅವತ್ತು ಕೊನೇ ಸಲ ನಾನು ಹಗ್ಗ ಗಿಡ್ಡ ಮಾಡಿರ್ಲಿಲ್ಲ. ಹಳೇ ಕುಣಿಕೇನೇ ಹಾಕ್ಬಿಟ್ಟಿದ್ದೆ. ಆಮೇಲೆ ಮುಚ್ಚಿಟ್ಟೆ. ನಿಮಗೆ ಗೊತ್ತಾಗಿತ್ತಾ?"

ಹಲ್ಲಕ್ಕ ಕನ್ನಡಕ ತೆಗೆದು, ಎಡಗೈಯಿಂದ ಸೀರೆಯ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡರು.

"ಮೊದಲನೇ ಚೆಂಡಿಗೇ ಗೊತ್ತಾಯ್ತು," ಎಂದರು. "ಆ ಹನ್ನೆರಡು ನನಗೆ ಬೇಕಾಗಿತ್ತು. ಇಟ್ಕೊಂಡೆ."