ಕರಿ ಫ್ರೇಮು ಯಾರಿಗೆ

ಮಕ್ತಲದ ಶಾಲೆಯೊಂದರಲ್ಲಿ ಪಿ.ಟಿ. ಟೀಚರಾಗಿರುವ ಅನ್ನಮ್ಮನಿಗೆ ಹೆಸರು ಬಂದದ್ದು ಅಜ್ಜಿಯಿಂದ. ಕಾಲು ಯಾರಿಂದ ಬಂದವೋ ಮನೆಯವರಿಗೂ ಗೊತ್ತಿಲ್ಲ. ಮೂವತ್ತು ದಾಟಿದ ಹೆಂಗಸು ಬಿಗಿ ಚಡ್ಡಿ ತೊಟ್ಟು, ಹೆಲ್ಮೆಟ್ ಬಿಗಿದು ಬೆಳಬೆಳಗ್ಗೆ ಸೈಕಲ್ ಹತ್ತಿದಾಗ ಊರು ಬಾಯಿಗೆ ಬಂದಂತೆ ಆಡಿತು. ಆಡಿ ಆಡಿ ಊರಿಗೇ ಬೇಸರ ಬಂತು, ಅನ್ನಮ್ಮನಿಗೆ ಬರಲಿಲ್ಲ. ಈಗ ಚಹಾದಂಗಡಿಯವರು ಆಕೆ ಹಾದುಹೋದದ್ದನ್ನು ನೋಡಿ ಒಲೆ ಹೊತ್ತಿಸುತ್ತಾರೆ.

ಈ ಸಲ ರಾಜ್ಯದ ಪಂದ್ಯಕ್ಕೆ ಆಯ್ಕೆ ನಡೆಯುವುದು ಜೋಡಿ ಓಟದಲ್ಲಿ. ನಾರಾಯಣಪೇಟೆಯಿಂದ ಮಕ್ತಲದ ಮೇಲೆ ಹಾದು ಗದ್ವಾಲಕ್ಕೆ ಇಬ್ಬರು ಒಟ್ಟಿಗೆ ಹೋಗಬೇಕು. ಹಿಂದೆ ಉಳಿದವಳು ಗೆರೆ ದಾಟಿದಾಗಲೇ ಗಡಿಯಾರ ನಿಲ್ಲುತ್ತದೆ. ಗೆದ್ದ ಒಂದೇ ಜೋಡಿಗೆ ಜಾಗ. ಮುಂದಿನ ವರ್ಷಕ್ಕೆ ಅನ್ನಮ್ಮನಿಗೆ ವಯಸ್ಸಿನ ಮಿತಿ ದಾಟುತ್ತದೆ, ಹಾಗಾಗಿ ಈ ಸಲ ತಪ್ಪಿದರೆ ತಪ್ಪಿದ್ದೇ.

ಆಕೆಯ ಜೊತೆಗಾತಿ ಪ್ರಶಾಂತಿ, ಗದ್ವಾಲದ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವ್ವ ಅಪ್ಪ ವರ್ಷದ ಅರ್ಧ ಪುಣೆಯ ಕಟ್ಟಡದ ಕೆಲಸದಲ್ಲಿ. ಹುಡುಗಿಗೆ ಛಲ ಮೈತುಂಬ ಇತ್ತು. ಕಸುವು ಮಾತ್ರ ಇನ್ನೂ ಕೂಡಿರಲಿಲ್ಲ.

ನಾರಾಯಣಪೇಟೆಯ ರೈಸ್ ಮಿಲ್ಲಿನ ಗುರುಪ್ರಸಾದನಿಗೆ ಸೈಕಲ್ಲಿನ ಹುಚ್ಚು. ಹುಚ್ಚಿದ್ದು ಕಾಲಲ್ಲಿ ಕಸುವಿಲ್ಲದವರು ಕಸುವಿದ್ದವರಿಗೆ ಸೈಕಲ್ ಕೊಡಿಸುತ್ತಾರೆ. ಆತ ಹೈದರಾಬಾದಿನಿಂದ ಎರಡು ಕಾರ್ಬನ್ ಫ್ರೇಮು ತರಿಸಿದ. ಗಾಲಿ, ಹ್ಯಾಂಡಲ್ಲು, ಪೆಡಲ್ಲು ಯಾವುದಾದರೂ ಹಾಕಿಕೊಳ್ಳಬಹುದು, ಸೈಕಲ್ಲಿನ ಗುಣ ಇರುವುದು ಫ್ರೇಮಿನಲ್ಲಿ. ಕರಿಯದು ಕಿರುಬೆರಳಲ್ಲಿ ಎತ್ತುವಷ್ಟು ಹಗುರ, ತುಳಿದದ್ದೆಲ್ಲ ಗಾಲಿಗೇ ಇಳಿಯುತ್ತಿತ್ತು. ಬೂದಿ ಬಣ್ಣದ್ದು ಒಂದಿಷ್ಟು ತೂಕ, ಕೆಟ್ಟ ರಸ್ತೆಯಲ್ಲಿ ಸೊಂಟ ಉಳಿಸುವಂಥದ್ದು. ಎರಡೂ ಒಳ್ಳೆಯವೇ, ಆದರೆ ವೇಗ ಕರಿಯದರದು.

"ನೀವು ದೊಡ್ಡವರು, ಮೊದಲು ನೀವು ಆರಿಸ್ರಿ," ಎಂದ ಗುರುಪ್ರಸಾದ.

ಇಬ್ಬರೂ ಒಂದೇ ಎತ್ತರದವರು, ಯಾವುದಾದರೂ ಯಾರಿಗಾದರೂ ಹೊಂದುತ್ತಿತ್ತು. ಅನ್ನಮ್ಮ ಕರಿಯದರ ಮೇಲೆ ಕೈಯಿಟ್ಟು, "ಇದು ನಂದು," ಎಂದಳು. ಹತ್ತು ವರ್ಷದಿಂದ ಫೋನಿನಲ್ಲಿ ಇಂಥದರ ಚಿತ್ರ ನೋಡಿ ನೋಡಿ ಆಕೆಯ ಕಣ್ಣು ಸವೆದಿದ್ದವು. ಪ್ರಶಾಂತಿ ಬೂದಿಯದನ್ನು ತೆಗೆದುಕೊಂಡಳು.

ಮರುವಾರ ಓಡಿಸಿ ನೋಡಿದರು. ಕರಿ ಸೈಕಲ್ ಅನ್ನಮ್ಮನ ಕಾಲಡಿ ಜಿಂಕೆಯಾಯಿತು. ಜುರಾಲ ಆಣೆಕಟ್ಟು ದಾಟಿ ಧರೂರಿಗೆ ಬಂದು ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಕಾದಳು, ನೀರು ಕುಡಿದಳು, ಮತ್ತೆ ಕಾದಳು. ಪ್ರಶಾಂತಿ ಏದುಸಿರು ಬಿಡುತ್ತ ಬರುವ ಹೊತ್ತಿಗೆ ಉಳಿಸಿದ ಹೊತ್ತೆಲ್ಲ ಕಾಲುವೆಯ ನೀರಿನ ಹಾಗೆ ಹರಿದುಹೋಗಿತ್ತು. ಮತ್ತೆರಡು ಸಲವೂ ಅದೇ ಕಥೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಅನ್ನಮ್ಮ ಚೆನ್ನಾಗಿ ಕುಣಿಯುವವಳು, ಅದಕ್ಕೇ ಡೊಂಕೆಲ್ಲ ಪ್ರಶಾಂತಿಯದೇ ಅಂದುಕೊಂಡಳು. "ಇನ್ನೂ ಜೋರ್ ತುಳಿಯಾಕ ಆಗಂಗಿಲ್ಲೇನು?" ಎಂದು ಗದರಿದಳು.

"ತುಳಿಯಾಕ ಹತ್ತೀನಕ್ಕಾ," ಎಂದಳು ಪ್ರಶಾಂತಿ. ಕಣ್ಣು ತುಂಬಿದ್ದವು.

ಆ ದಿನ ಅನ್ನಮ್ಮ ಮುಖ ಗಂಟಿಕ್ಕಿಕೊಂಡೇ ಧರೂರಿನ ತವರಿಗೆ ಹೋದಳು. ಅಪ್ಪ ಹಂಪಣ್ಣ ಅಂಗಳದಲ್ಲಿ ಬಂಡೆ ಎಳೆಯುವ ಪಂದ್ಯಕ್ಕೆ ಎತ್ತು ಹೂಡುತ್ತಿದ್ದ. ಈ ಸೀಮೆಯಲ್ಲಿ ಎತ್ತಿನ ಜೋಡಿಗೆ ದೊಡ್ಡ ಕಲ್ಲುಬಂಡೆ ಕಟ್ಟಿ ಎಳೆಸಿ ಪಂತ ಕಟ್ಟುವುದುಂಟು. ಒಂದು ಎತ್ತು ಹಳೇ ಹುಲಿ, ಇನ್ನೊಂದು ಈಗಷ್ಟೇ ಹಲ್ಲು ಕೂಡಿದ್ದು. "ಮಿಣಿ ಹಿಡಿಯವ್ವಾ," ಎಂದ ಅಪ್ಪ. ಚಿಕ್ಕಂದಿನಿಂದ ಮಾಡಿದ ಕೆಲಸ. ಆಕೆಯ ಕೈ ತಾನಾಗಿ ಆ ಹಗ್ಗದಿಂದ ಬಂಡೆ ಕಟ್ಟುವ ನೊಗದ ನಡುಗಟ್ಟನ್ನು ಹಳೇ ಎತ್ತಿನ ಕಡೆಗೆ ಗೇಣು ಸರಿಸಿತು. ಹೀಗೆ ಕಟ್ಟಿದರೆ ಬಡ ಎತ್ತಿನ ಪಾಲಿಗೆ ನೊಗದ ಉದ್ದ ತೋಳು ಬಂದು ಭಾರ ಕಮ್ಮಿಯಾಗುತ್ತದೆ, ಬಲವಾದದ್ದು ಹೆಚ್ಚು ಹೊರುತ್ತದೆ, ಎರಡೂ ಒಂದೇ ಹೆಜ್ಜೆ ಹಾಕುತ್ತವೆ.

ಮಿಣಿ ಕೈಯಲ್ಲಿದ್ದಂತೆಯೇ ಅನ್ನಮ್ಮ ನಿಂತುಬಿಟ್ಟಳು. ದನಕ್ಕೆ ಮಾಡುವ ನ್ಯಾಯವನ್ನು ಹುಡುಗಿಗೆ ಮಾಡಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಕರಿ ಫ್ರೇಮು ಬಿಟ್ಟುಕೊಡಬೇಕಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಗೆಲ್ಲುವ ದಾರಿ ಕಂಡ ಮೇಲೆ ಕುರುಡಿಯಂತೆ ನಟಿಸುವುದು ಆಕೆಯ ಜಾಯಮಾನವಲ್ಲ.

ಮರುದಿನ ಕರಿ ಸೈಕಲ್ಲನ್ನು ಪ್ರಶಾಂತಿಯ ಮುಂದೆ ನಿಲ್ಲಿಸಿದಳು. "ಹತ್ತು."

"ಬ್ಯಾಡಕ್ಕಾ, ನಿಮ್ದು ಅದು."

"ದಾನ ಮಾಡಾಕ ಹತ್ತಿಲ್ಲವ್ವಾ, ಗೆಲ್ಲಾಕ ಹತ್ತೀನಿ. ಹತ್ತು."

ಪಂದ್ಯದ ದಿನ ಮಕ್ತಲದವರೆಗೆ ಇಬ್ಬರೂ ಸಮ ಸಮ. ಜುರಾಲದ ಮೇಲೆ ಬಲಗಡೆಯಿಂದ ಅಡ್ಡಗಾಳಿ ಬೀಸಿದಾಗ ಅನ್ನಮ್ಮ ಬಲಕ್ಕೆ ಸರಿದು ಗಾಳಿಗೆ ಮೈಯೊಡ್ಡಿದಳು, ಪ್ರಶಾಂತಿ ಆ ಮರೆಯಲ್ಲಿ ಕಾಲು ಉಳಿಸಿಕೊಂಡಳು. ಧರೂರು ದಾಟಿದ ಮೇಲಿನ ಏರಿನಲ್ಲಿ, ಯಾರೂ ಎಣಿಸದ್ದು ನಡೆಯಿತು. ಕರಿ ಸೈಕಲ್ ಮುಂದಾಯಿತು. ಅನ್ನಮ್ಮನ ತೊಡೆಗಳಲ್ಲಿ ಬೆಂಕಿ ಬಿದ್ದಿತ್ತು.

ಪ್ರಶಾಂತಿ ಹಿಂತಿರುಗಿ ನೋಡಿದಳು. "ಅಕ್ಕಾ, ನಿಧಾನ ಮಾಡ್ಲೇನು?"

"ಮಾಡಿದ್ರ ಸೈಕಲ್ ಕಸಗೋತೀನಿ ನೋಡು."

ಹುಡುಗಿ ನಕ್ಕು ತುಳಿದಳು. ಆ ಬೆನ್ನನ್ನು ಬಿಡಬಾರದೆಂಬ ಒಂದೇ ಹಟದಲ್ಲಿ ಅನ್ನಮ್ಮ, ತನಗೇ ಗೊತ್ತಿರದ ಕಸುವು ತೆಗೆದು ತುಳಿದಳು. ಪ್ರಶಾಂತಿ ಮೊದಲು, ಆಕೆಯ ಗಾಲಿಗೆ ಗಾಲಿ ಹಚ್ಚಿ ಅನ್ನಮ್ಮ, ಗದ್ವಾಲದ ಗೆರೆ ದಾಟಿದರು. ಉಳಿದ ಜೋಡಿಗಳೆಲ್ಲ ಬಂದ ಮೇಲೆ ಮೈಕಿನಲ್ಲಿ ಇವರದೇ ಹೆಸರು ಕೂಗಿದರು.

ಗುರುಪ್ರಸಾದ ಓಡಿಬಂದ. "ಇನ್ನ ರಾಜ್ಯದ ಪಂದ್ಯಕ್ಕ ನಿಮ್ಮ ಫ್ರೇಮು ನೀವ ತಗೋರಿ ಟೀಚರ್. ಈಕಿ ಈಗ ಗಟ್ಟಿ ಆಗ್ಯಾಳ."

ಪ್ರಶಾಂತಿ ಆಗಲೇ ಕರಿ ಸೈಕಲ್ಲನ್ನು ಮುಂದಕ್ಕೆ ಚಾಚಿದ್ದಳು. ಅನ್ನಮ್ಮ ಅದರ ಮೇಲೆ ಒಮ್ಮೆ ಕೈಯಾಡಿಸಿದಳು. ಆಸೆ ಸತ್ತಿರಲಿಲ್ಲ.

"ಬ್ಯಾಡ್ರಿ," ಎಂದಳು. "ಇಷ್ಟು ವರ್ಷ ನಾ ಮುಂದ ಹೋಗಿ, ಹಿಂದಿನವರನ್ನ ಕಾಯ್ಕೋತ ನಿಂತೀನಿ. ಇವತ್ತ ಒಂದ ದಿನ ನನ್ನ ಮುಂದ ಒಬ್ಬಾಕಿ ಇದ್ಲು, ಇವತ್ತ ತುಳಿದಂಗ ನಾ ಎಂದೂ ತುಳಿದಿದ್ದಿಲ್ಲ."