ಖಾಲಿ ಕುರ್ಚಿಗಳ ಬಗ್ಗೆ ಊರನ್ನೆಲ್ಲ ಕೇಳುವ ಬರ್ನಡೀನ್

ಶನಿವಾರ ನಸುಕು. ಟೊಲೀಡೊ ಪಟ್ಟಣದ ಬೀದಿದೀಪಗಳು ಇನ್ನೂ ಆರಿಲ್ಲ. ಮೊದಲ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಹಾಗಾಗಿ ಬರ್ನಡೀನ್ ಶಿಮಾನ್ಸ್ಕಿ ಎಲ್ಲರಿಗಿಂತ ಮುಂಚೆ ಬಂದು, ಫೋನ್ ಸಮೀಕ್ಷೆ ಕಚೇರಿಯ ಕಿಟಕಿಯಿಲ್ಲದ ಹಾಲ್‌ನಲ್ಲಿ ಕೂತು ಹೆಡ್‌ಫೋನ್ ಒರೆಸುತ್ತಿದ್ದಾರೆ. ಜನ ಏಳುವ ಹೊತ್ತಾದೊಡನೆ ಕಂಪ್ಯೂಟರ್ ತಾನೇ ನಂಬರ್ ತಿರುಗಿಸತೊಡಗುತ್ತದೆ.

"ನಮಸ್ಕಾರ ಸರ್, ಜನಾಭಿಪ್ರಾಯ ಸಮೀಕ್ಷೆಯಿಂದ ಮಾತಾಡ್ತಿದೀನಿ. ಏನೂ ಮಾರೋಕಲ್ಲ..."

ಆ ಕಡೆ ಫೋನ್ ಕುಕ್ಕಿದ ಸದ್ದು.

"ಬೈದು ಇಡೋರೇ ವಾಸಿ," ಎನ್ನುತ್ತಾರೆ ಬರ್ನಡೀನ್. "ಕೆಲವರು ಫೋನ್ ಪಕ್ಕಕ್ಕಿಟ್ಟು ಟೀವಿ ನೋಡೋಕೆ ಹೋಗ್ತಾರೆ. ನಾನು ಹಲೋ ಹಲೋ ಅಂತಿರ್ಬೇಕು." ನೂರು ಮನೆಗೆ ಕರೆ ಹೋದರೆ ಪೂರ್ತಿ ಉತ್ತರಿಸುವವರು ಹತ್ತೂ ಇಲ್ಲ.

ಈ ವಸಂತದಲ್ಲಿ ವಾಷಿಂಗ್ಟನ್ನಿನ ಜಗಳವೇ ಅವರ ಪ್ರಶ್ನೆ. ಅಧ್ಯಕ್ಷರು ಹೆಸರಿಸಿದ ನ್ಯಾಯಾಧೀಶರನ್ನು ಎದುರು ಪಕ್ಷ ಮೇಲ್ಮನೆ ಸೆನೆಟ್ಟಿನಲ್ಲಿ ಫಿಲಿಬಸ್ಟರ್ ಮಾಡಿ, ಅಂದರೆ ಮತಕ್ಕೆ ಹಾಕಲು ಬಿಡದಂತೆ ಚರ್ಚೆ ಎಳೆದು, ತಡೆಯುತ್ತಿದೆ. ಆ ಹಕ್ಕನ್ನೇ ಕಿತ್ತುಹಾಕುತ್ತೇವೆ ಎಂದು ಆಳುವ ಪಕ್ಷ ಗುಡುಗುತ್ತಿದೆ. ಒಂದು ವಾರ, ಸಮೀಕ್ಷೆಗೆ ದುಡ್ಡು ಕೊಟ್ಟ ಒಬ್ಬ ಗಿರಾಕಿಗಾಗಿ ಬರ್ನಡೀನ್ ಓದಿದ್ದು: "ಪ್ರತಿ ನ್ಯಾಯಾಧೀಶರ ಹೆಸರನ್ನೂ ಮತಕ್ಕೆ ಹಾಕುವುದು ನ್ಯಾಯವಲ್ಲವೇ?" ಹೆಚ್ಚಿನವರು ಹೌದೆಂದರು. ಮರುವಾರ ಇನ್ನೊಬ್ಬ ಗಿರಾಕಿಗಾಗಿ: "ಸೆನೆಟ್ಟಿನ ಹಳೆಯ ಹಕ್ಕನ್ನು ಉಳಿಸಿಕೊಳ್ಳಬೇಡವೇ?" ಅದಕ್ಕೂ ಹೆಚ್ಚಿನವರು ಹೌದೆಂದರು. ಎರಡು ಉತ್ತರಗಳೂ ಪತ್ರಿಕೆಯಲ್ಲಿ ಜನರ ತೀರ್ಪಾಗಿ ಅಚ್ಚಾದವು.

"ಅದೇನು ಫಿಲಿಬಸ್ಟರ್ ಅಂದ್ರೆ ತಾಯಿ ಅಂತ ಎಷ್ಟೋ ಮಂದಿ ಕೇಳ್ತಾರೆ. ನಾನು ವಿವರಿಸೋ ಹಾಗಿಲ್ಲ. ಇದ್ದ ಪ್ರಶ್ನೇನೇ ಇನ್ನೊಂದ್ಸಲ ಓದ್ಬೇಕು, ಅಷ್ಟೆ."

ಗಂಡ ಕ್ಯಾಸಿಮಿರ್ ಗಾಜಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ದೂಳಿಗೆ ಶ್ವಾಸಕೋಶ ಹೋಯಿತು. ಕಾಯಿಲೆ ಕೆಲಸದಿಂದ ಬಂದದ್ದಲ್ಲ, ಈತ ಸುಳ್ಳು ಹೇಳುತ್ತಿದ್ದಾನೆ ಎಂದು ಕಂಪನಿ ಚಿಕಿತ್ಸೆಯ ಖರ್ಚು ನಿಲ್ಲಿಸಿತು. ಕೆಳಗಿನ ಕೋರ್ಟಿನಲ್ಲಿ ಕ್ಯಾಸಿಮಿರ್ ಗೆದ್ದರು. ಕಂಪನಿ ಮೇಲ್ಮನವಿ ಹಾಕಿತು. ಅಲ್ಲಿ ನ್ಯಾಯಾಧೀಶರ ಕುರ್ಚಿಗಳು ಖಾಲಿ, ಸರದಿ ಬರುವುದು ತಡ ಎಂದರು ವಕೀಲರು. ಆಮ್ಲಜನಕದ ನಳಿಗೆ ಮೂಗಿಗಿಟ್ಟುಕೊಂಡೇ ಅವರು ಮಾರ್ಚ್‌ನಲ್ಲಿ ತೀರಿಕೊಂಡರು.

ಮಣ್ಣು ಮಾಡಿದ ಮರುವಾರವೇ ಬರ್ನಡೀನ್ ಕೆಲಸಕ್ಕೆ ಬಂದರು. ಡೇಟನ್ ಊರಿನ ಮುದುಕರೊಬ್ಬರು ಪ್ರಶ್ನೆ ಕೇಳಿ ನಕ್ಕರು: "ಜಡ್ಜುಗಳು ಇದ್ರೆಷ್ಟು ಬಿಟ್ರೆಷ್ಟು ಬಿಡಮ್ಮ! ಯಾರಿಗೇನು ನಷ್ಟ?"

"ನನ್ನ ಗಂಡ ಜಡ್ಜಿಗೆ ಕಾದೂ ಕಾದೂ ಸತ್ರು ಸರ್," ಅಂದುಬಿಟ್ಟರು ಬರ್ನಡೀನ್.

ಮುದುಕರು ಮೆಲ್ಲಗೆ, "ಕ್ಷಮಿಸಮ್ಮ. ಇನ್ನೊಂದ್ಸಲ ಓದು, ಸರಿಯಾಗಿ ಉತ್ತರ ಹೇಳ್ತೀನಿ," ಎಂದರು.

ಓದಲಾಗಲಿಲ್ಲ. ಕದ್ದು ಕೇಳುತ್ತಿದ್ದ ಮೇಲ್ವಿಚಾರಕಿ ಡೆನೀಸ್ ಸಂಪರ್ಕ ಕತ್ತರಿಸಿ ಬಂದರು. "ಬರ್ನಿ, ನಿನ್ನ ಸಂಕಟ ನನಗೆ ಗೊತ್ತು ಕಣೇ. ಆದ್ರೆ ನೀನು ನಿನ್ನ ಕತೆ ಹೇಳಿದ್ಮೇಲೆ ಆ ಕರೆ ಕೆಟ್ಟೋಯ್ತು. ಇನ್ನೊಂದ್ಸಲ ಹೀಗಾದ್ರೆ ನಿನ್ನ ಉಳಿಸ್ಕೊಳ್ಳೋದು ನನ್ನ ಕೈಲಿಲ್ಲ." ಮುದುಕರ ಉತ್ತರ ಲೆಕ್ಕಕ್ಕೆ ಸೇರಲಿಲ್ಲ.

ಬರ್ನಡೀನ್ ಅಂದಿನಿಂದ ಪ್ರಶ್ನೆಯಲ್ಲಿಲ್ಲದ ಒಂದು ಮಾತನ್ನೂ ಫೋನಿನಲ್ಲಿ ಆಡಿಲ್ಲ. ಮೊಕದ್ದಮೆ ಈಗ ಅವರ ಹೆಸರಿನಲ್ಲಿದೆ. ವಿಚಾರಣೆ ಮತ್ತೆ ಮುಂದಕ್ಕೆ ಹೋಗಿದೆ.

"ಯಾವ ಪಕ್ಷದೋರು ಕೂರಿಸಿದ ಜಡ್ಜಾದ್ರೂ ಸರಿ," ಎನ್ನುತ್ತಾರೆ. "ಕ್ಯಾಸಿಮಿರ್ ಸುಳ್ಳು ಹೇಳಿರ್ಲಿಲ್ಲ ಅಂತ ಗಟ್ಟಿಯಾಗಿ ಓದ್ಲಿ. ನಾನು ಹೋಗಿ ಮುಂದಿನ ಬೆಂಚಲ್ಲಿ ಕೂತು ಕೇಳಿಸ್ಕೋತೀನಿ."